ನದಿಯಿಲ್ಲದ ಊರಿಗೆ ನದಿಯ ನಿಯಮ

ಒಬ್ಬ ಮನುಷ್ಯ ದಿನವೊಂದಕ್ಕೆ ಚರಂಡಿಗೆ ಬಿಡುವ ಕೊಳೆಯನ್ನು ಎಂಜಿನಿಯರುಗಳು ಸುಮಾರು 50 ಗ್ರಾಂ ಎಂದು ಲೆಕ್ಕ ಹಿಡಿಯುತ್ತಾರೆ. ಇದು ಕೊಳೆಯ ತೂಕವಲ್ಲ. ಆ ಕೊಳೆಯನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾಗಳು ಐದು ದಿನಗಳಲ್ಲಿ ಬಳಸುವ ಆಮ್ಲಜನಕದ ತೂಕ. ಕಡತಗಳಲ್ಲಿ ಇದಕ್ಕೆ ಬಿಓಡಿ ಎಂದು ಹೆಸರು. ಮಳೆನಾಡಿನವನಾಗಲಿ ಮರುಭೂಮಿಯವನಾಗಲಿ, ಈ 50 ಗ್ರಾಂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಅದನ್ನು ಹೊತ್ತು ತರುವ ನೀರು. ತಲೆಗೆ 200 ಲೀಟರ್ ನೀರು ಚರಂಡಿ ಸೇರುವ ಊರಿನಲ್ಲಿ ಕೊಳಚೆಯ ಬಿಓಡಿ ಲೀಟರಿಗೆ 250 ಮಿಲಿಗ್ರಾಂ. 80 ಲೀಟರಿನಲ್ಲೇ ದಿನ ಕಳೆಯುವ ಊರಿನಲ್ಲಿ ಅದು 625 ಮಿಲಿಗ್ರಾಂ. ನೀರನ್ನು ಮಿತವಾಗಿ ಬಳಸುವ ಊರಿಗೆ ಸಿಗುವ ಬಹುಮಾನ ಇದು: ಎರಡೂವರೆ ಪಟ್ಟು ಗಟ್ಟಿಯಾದ ಕೊಳಚೆ.

ಮರುಭೂಮಿಯಲ್ಲಿ ಹತ್ತು ಸಾವಿರ ಜನರ ಊರೊಂದಿದೆ ಎಂದುಕೊಳ್ಳೋಣ. ತಲೆಗೆ 80 ಲೀಟರಿನಂತೆ ದಿನಕ್ಕೆ 800 ಘನ ಮೀಟರ್, ಅಂದರೆ ಎಂಟು ಲಕ್ಷ ಲೀಟರ್ ಕೊಳಚೆ ಬರುತ್ತದೆ. ದೊಡ್ಡ ನಗರದ ಕಣ್ಣಿಗೆ ಇದು ಲೆಕ್ಕಕ್ಕೇ ಬಾರದ ನೀರು. ಆದರೆ ಈ ಊರಿನ ಸುತ್ತಮುತ್ತ ವರ್ಷದ 365 ದಿನವೂ ತಪ್ಪದೆ ಹರಿಯುವ ನೀರೆಂದರೆ ಇದೊಂದೇ. ಮಳೆ ಕೈಕೊಟ್ಟರೂ, ಕೊಳವೆಬಾವಿ ಬತ್ತುತ್ತ ಬಂದರೂ, ಜನ ಇರುವ ತನಕ ಇದು ಬರುತ್ತದೆ. ಹಾಗಿರುವಾಗ ಇದನ್ನು ಎಷ್ಟು ಶುದ್ಧಗೊಳಿಸಬೇಕು ಎಂಬುದಕ್ಕಿಂತ ಮೊದಲು ಇದು ಕೊನೆಗೆ ಎಲ್ಲಿಗೆ ಹೋಗಬೇಕು ಎಂದು ಕೇಳಬೇಕು. ಬಹುತೇಕ ಯೋಜನಾ ವರದಿಗಳಲ್ಲಿ ಈ ಕ್ರಮ ತಿರುಗುಮುರುಗಾಗಿರುತ್ತದೆ. ಅದಕ್ಕೆ ಶತಮಾನ ಹಳೆಯ ಕಾರಣವೊಂದಿದೆ.

ಎಂಟು ಪಟ್ಟು ನೀರಿನ ಮೇಲೆ ನಿಂತ ಸಂಖ್ಯೆ

1898ರಲ್ಲಿ ಬ್ರಿಟನ್ ಕೊಳಚೆ ವಿಲೇವಾರಿಗೆಂದು ಒಂದು ರಾಯಲ್ ಕಮಿಷನ್ ನೇಮಿಸಿತು. ಅದರ ಎಂಟನೆಯ ವರದಿ 1912ರಲ್ಲಿ ಬಂತು. ಶುದ್ಧೀಕರಿಸಿದ ನೀರಿನಲ್ಲಿ ಬಿಓಡಿ ಲೀಟರಿಗೆ 20 ಮಿಲಿಗ್ರಾಂ, ತೇಲುವ ಕಣಗಳು 30 ಮಿಲಿಗ್ರಾಂ ಮೀರಬಾರದು ಎಂದು ಅದು ಹೇಳಿತು. ಆ 20 ಮತ್ತು 30 ಇಂದಿಗೂ ಜಗತ್ತಿನ ಮೂಲೆಮೂಲೆಯ ಟೆಂಡರ್ ದಾಖಲೆಗಳಲ್ಲಿ ಒಂದಿಷ್ಟು ವೇಷ ಬದಲಿಸಿಕೊಂಡು ಕಾಣಿಸುತ್ತವೆ. ಆದರೆ ವರದಿಯಲ್ಲಿ ಆ ಸಂಖ್ಯೆಗಳ ಪಕ್ಕದಲ್ಲೇ ಇದ್ದ ಷರತ್ತು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ: ಈ ನೀರು ಸೇರುವ ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ಹರಿಯುತ್ತಿರಬೇಕು. ಅಂದರೆ ಕೆಲಸದ ಒಂದು ಭಾಗವನ್ನು ನದಿಗೇ ವಹಿಸಿಕೊಟ್ಟ ನಿಯಮ ಇದು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದರೆ ಹೊಳೆ ಹುಳಿಯಾಗುವುದಿಲ್ಲ ಎಂಬ ಅನುಭವಕ್ಕೆ ಕೊಟ್ಟ ಗಣಿತದ ರೂಪ.

ಬಿಓಡಿ ಎಂಬ ಅಳತೆಗೋಲೂ ನದಿಯ ಕೂಸೇ. ಕೊಳೆ ಬಿದ್ದರೆ ನದಿಯ ಆಮ್ಲಜನಕ ಕುಸಿದು ಮೀನು ಸಾಯುತ್ತದೆ, ಹಾಗಾಗಿ ಆಮ್ಲಜನಕದ ಬೇಡಿಕೆಯನ್ನು ಅಳೆಯಬೇಕು. ತರ್ಕ ಸರಿಯಾಗಿದೆ. ಆದರೆ ನಮ್ಮ ಊರಿನಲ್ಲಿ ಮೀನು ಎಲ್ಲಿದೆ? ಅಲ್ಲಿರುವುದು ಒಣ ಹಳ್ಳ, ಮರಳು, ಆಳದಲ್ಲಿ ಇಷ್ಟಿಷ್ಟೇ ಅಂತರ್ಜಲ, ಮತ್ತು ಹಸಿರಿಗಾಗಿ ಕಾದಿರುವ ರೈತ. ಮಣ್ಣಿಗೆ ಬಿಓಡಿಯ ಚಿಂತೆಯಿಲ್ಲ. ಲೀಟರಿಗೆ 40 ಮಿಲಿಗ್ರಾಂ ಬಿಓಡಿ ಇರುವ ನೀರನ್ನು ಹೊಲ ಗೊಣಗದೆ ಅರಗಿಸಿಕೊಳ್ಳುತ್ತದೆ. ಮಣ್ಣಿಗೆ ಚಿಂತೆ ಉಪ್ಪಿನದು. ರೈತನಿಗೆ ಜಂತುಹುಳದ ಮೊಟ್ಟೆಯದು. ಅಂತರ್ಜಲಕ್ಕೆ ನೈಟ್ರೇಟಿನದು. ಈ ಮೂರಕ್ಕೂ ಆ ಹಳೆಯ ಜೋಡಿಸಂಖ್ಯೆಯಲ್ಲಿ ಜಾಗವಿಲ್ಲ.

ಕೊಳವೆಯೊಳಗಿನ ಆಮ್ಲ

ಕೊಳಚೆ ಶುದ್ಧೀಕರಿಸುವ ಘಟಕದ ಮಾತಿಗಿಂತ ಮುಂಚೆ ಕೊಳವೆಯ ಮಾತು. ಒಳಚರಂಡಿ ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳಬೇಕು. ಅದಕ್ಕಾಗಿ ದಿನಕ್ಕೊಮ್ಮೆಯಾದರೂ ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಹರಿಯಲಿ ಎಂಬುದು ವಿನ್ಯಾಸದ ಹಳೆಯ ರೂಢಿ. ಸಮತಟ್ಟಾದ ಮರಳುನೆಲದಲ್ಲಿ, ತಲೆಗೆ 80 ಲೀಟರ್ ಹರಿಯುವ ಊರಿನಲ್ಲಿ, ಕೊಳವೆಯ ಕೊನೆಯ ಕವಲುಗಳಿಗೆ ಈ ವೇಗ ಕನಸಿನ ಮಾತು. ಕೊಳೆ ತಳದಲ್ಲಿ ಕೂರುತ್ತದೆ, ಬಿಸಿಲಿಗೆ ಬೆಚ್ಚಗಾಗುತ್ತದೆ, ಆಮ್ಲಜನಕ ಮುಗಿಯುತ್ತದೆ. ಆಮೇಲೆ ನೀರಿನಲ್ಲಿರುವ ಸಲ್ಫೇಟಿನ ಮೇಲೆ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಕೈಹಾಕಿ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಮರುಭೂಮಿಯ ಅಂತರ್ಜಲದಲ್ಲಿ ಸಲ್ಫೇಟಿಗೆ ಸಾಮಾನ್ಯವಾಗಿ ಬರವಿಲ್ಲ.

ಆ ಅನಿಲ ಮೇಲೇರಿ ಕೊಳವೆಯ ಚಾವಣಿಯ ಪಸೆಯಲ್ಲಿ ಕರಗುತ್ತದೆ. ಅಲ್ಲಿರುವ ಮತ್ತೊಂದು ಬ್ಯಾಕ್ಟೀರಿಯಾ ಕುಲ ಅದನ್ನು ಗಂಧಕಾಮ್ಲವನ್ನಾಗಿ ಮಾರ್ಪಡಿಸುತ್ತದೆ, ಕಾಂಕ್ರೀಟ್ ಮೇಲಿನಿಂದ ಕೆಳಕ್ಕೆ ಕರಗುತ್ತ ಬರುತ್ತದೆ. ತಳ ಗಟ್ಟಿಮುಟ್ಟಾಗಿಯೇ ಇದ್ದು ನೆತ್ತಿ ಕುಸಿಯುವ ಈ ರೋಗ ಬಿಸಿನಾಡಿನ ಊರುಗಳಿಗೆ ಹಳೆಯ ಪರಿಚಯ. ಇದೇ ಅನಿಲ ಮ್ಯಾನ್‌ಹೋಲಿಗೆ ಇಳಿದವರನ್ನೂ ಕೊಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಪಾಯ ಎಂದು ಎಲ್ಲರಿಗೂ ಗೊತ್ತು. ಅನಿಲದ ಪ್ರಮಾಣ ಹೆಚ್ಚಾದಾಗ ಮೂಗಿನ ನರ ಸೋತು ವಾಸನೆಯೇ ನಿಂತುಹೋಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವರೇ ಮೊದಲು ಸಾಯುತ್ತಾರೆ.

ದಕ್ಷಿಣ ಆಸ್ಟ್ರೇಲಿಯಾದ ಸಣ್ಣ ಊರುಗಳು 1960ರ ದಶಕದಿಂದ ಬೇರೊಂದು ದಾರಿ ಹಿಡಿದಿವೆ. ಮನೆಮನೆಯ ಸೆಪ್ಟಿಕ್ ಟ್ಯಾಂಕನ್ನು ಕಿತ್ತೆಸೆಯದೆ ಹಾಗೇ ಉಳಿಸಿಕೊಂಡು, ಅದರಿಂದ ಹೊರಬರುವ ತಿಳಿನೀರನ್ನಷ್ಟೇ ಸಣ್ಣ ಕೊಳವೆಗಳಲ್ಲಿ ಊರಾಚೆಯ ಕೊಳಗಳಿಗೆ ಒಯ್ಯುವ ಪದ್ಧತಿ ಅದು. ಗಟ್ಟಿ ಪದಾರ್ಥ ಟ್ಯಾಂಕಿನಲ್ಲೇ ಉಳಿಯುವುದರಿಂದ ಕೊಳವೆಗೆ ವೇಗದ ಹಂಗಿಲ್ಲ, ಆಳವಾಗಿ ಅಗೆಯಬೇಕಿಲ್ಲ, ಪ್ಲಾಸ್ಟಿಕ್ ಕೊಳವೆ ಸಾಕು. ಕೆಲವು ವರ್ಷಗಳಿಗೊಮ್ಮೆ ಪ್ರತಿ ಟ್ಯಾಂಕಿನ ಹೂಳೆತ್ತುವ ಶಿಸ್ತು ಮಾತ್ರ ಬೇಕು. ಶಿಸ್ತು ಇಲ್ಲದ ಊರಿನಲ್ಲಿ ಈ ಸಣ್ಣ ಕೊಳವೆಗಳು ಬಹುಬೇಗ ಕಟ್ಟಿಕೊಳ್ಳುತ್ತವೆ.

ಕೊಳವೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೌದಿ ಅರೇಬಿಯಾದ ಜೆಡ್ಡಾ ಸಾಕ್ಷಿ. ಅದು ಸಣ್ಣ ಊರಲ್ಲ, ನಿಜ. ಆದರೆ ಪಾಠ ಎಲ್ಲರಿಗೂ ಸೇರಿದ್ದು. ನಗರದ ಬಹುಭಾಗಕ್ಕೆ ಒಳಚರಂಡಿ ಇಲ್ಲದ ಕಾಲದಲ್ಲಿ ಟ್ಯಾಂಕರುಗಳು ಮನೆಗಳ ಗುಂಡಿಗಳಿಂದ ಹೀರಿದ ಕೊಳಚೆಯನ್ನು ವರ್ಷಗಟ್ಟಲೆ ಪೂರ್ವದ ಕಣಿವೆಯೊಂದಕ್ಕೆ ಸುರಿದವು. ಅಲ್ಲಿ ಒಂದು ಸರೋವರವೇ ಆಯಿತು. ಜನ ಅದಕ್ಕಿಟ್ಟ ಹೆಸರು ಕಸ್ತೂರಿ ಸರೋವರ. 2009ರ ನವೆಂಬರಿನಲ್ಲಿ ಕೆಲವೇ ಗಂಟೆಗಳ ಮಳೆಗೆ ನಗರದಲ್ಲಿ ನೂರಕ್ಕೂ ಹೆಚ್ಚು ಜನ ಪ್ರವಾಹಕ್ಕೆ ಸಿಕ್ಕಿ ಸತ್ತರು. ಆಗ ಜನರನ್ನು ಕಾಡಿದ ಇನ್ನೊಂದು ಭಯ, ಆ ಕಸ್ತೂರಿಯ ಕಟ್ಟೆ ಒಡೆದು ಊರೊಳಗೆ ನುಗ್ಗಿದರೆ ಎಂಬುದು. ಆಮೇಲೆಯೇ ಸರೋವರವನ್ನು ಬತ್ತಿಸುವ ಕೆಲಸ ಶುರುವಾದದ್ದು. ಮರುಭೂಮಿಯಲ್ಲಿ ಮಳೆ ಬರುವುದಿಲ್ಲ ಎಂದು ಹಳ್ಳದ ಪಾತ್ರದಲ್ಲಿ ಕೊಳಚೆ ಕೊಳ ಕಟ್ಟುವವರು ಇಂದಿಗೂ ಇದ್ದಾರೆ. ಬರುವುದಿಲ್ಲ ಎಂಬ ಮಾತು ಹತ್ತರಲ್ಲಿ ಒಂಬತ್ತು ವರ್ಷ ಸತ್ಯವೇ.

ಆಕಾಶಕ್ಕೆ ಹೋಗುವ ಅರ್ಧ

ಈಗ ಘಟಕ. ಮರುಭೂಮಿಯ ಸಣ್ಣ ಊರಿಗೆ ಸಲಹೆ ಕೇಳಿದರೆ ಪುಸ್ತಕಗಳು ಒಕ್ಕೊರಲಿನಿಂದ ಹೇಳುವುದು ಕೊಳಗಳ ಸಾಲನ್ನು. ಜಾಗ ಧಾರಾಳ, ಬಿಸಿಲು ಧಾರಾಳ, ಯಂತ್ರ ಬೇಡ. ಮೊದಲ ಕೊಳ ನಾಲ್ಕೈದು ಮೀಟರ್ ಆಳ. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೊಳೆಯ ಅರ್ಧದಷ್ಟನ್ನು ಅನಿಲವಾಗಿಸಿ ಮುಗಿಸುತ್ತವೆ. ಎರಡನೆಯದು ಒಂದೂವರೆ ಮೀಟರ್ ಆಳ, ಹಸಿರು. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ಅದನ್ನು ಬಳಸಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ, ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಪಾಚಿ ಉಣ್ಣುತ್ತದೆ. ವಿದ್ಯುತ್ ಬಿಲ್ಲಿಲ್ಲದ ಈ ಕೊಡುಕೊಳ್ಳುವಿಕೆಗಿಂತ ಸೊಗಸಾದ ಯಂತ್ರ ನನಗೆ ತಿಳಿದಿಲ್ಲ. ಕೊನೆಯ ಕೊಳಗಳು ಒಂದು ಮೀಟರಿನ ಆಸುಪಾಸು. ಅವುಗಳ ಕೆಲಸ ರೋಗಾಣುಗಳನ್ನು ಕೊಲ್ಲುವುದು. ಮಧ್ಯಾಹ್ನದ ಹೊತ್ತಿಗೆ ಪಾಚಿ ಇಂಗಾಲವನ್ನು ಹೀರಿ ಹೀರಿ ನೀರಿನ ಪಿಎಚ್ 9 ದಾಟುತ್ತದೆ. ಆ ಕ್ಷಾರ ಮತ್ತು ಬಿಸಿಲು ಸೇರಿ ಕರುಳಿನ ಬ್ಯಾಕ್ಟೀರಿಯಾಗಳನ್ನು ಮುಗಿಸುತ್ತವೆ.

ಪುಸ್ತಕಗಳು ಅಷ್ಟೇ ಗಟ್ಟಿಯಾಗಿ ಹೇಳದ ಲೆಕ್ಕ ಮುಂದಿದೆ. ಕೊಳದ ವಿಸ್ತೀರ್ಣವನ್ನು ಬೇಸಿಗೆ ನೋಡಿ ನಿರ್ಧರಿಸುವುದಿಲ್ಲ, ಅತಿ ತಣ್ಣನೆಯ ತಿಂಗಳನ್ನು ನೋಡಿ ನಿರ್ಧರಿಸುತ್ತಾರೆ. ಮರುಭೂಮಿಯ ಚಳಿಗಾಲದಲ್ಲಿ ನೀರಿನ ಉಷ್ಣತೆ 15 ಡಿಗ್ರಿಗೆ ಇಳಿದರೆ ಹಸಿರು ಕೊಳದ ಒಂದು ಹೆಕ್ಟೇರ್ ದಿನಕ್ಕೆ ಸುಮಾರು 165 ಕಿಲೋ ಬಿಓಡಿಯನ್ನಷ್ಟೇ ತಾಳಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಇದರ ಎರಡು ಪಟ್ಟು. ನಮ್ಮ ಊರಿನ ಹೊರೆ ದಿನಕ್ಕೆ 500 ಕಿಲೋ. ಆಳದ ಕೊಳ ನಾರುತ್ತದೆ ಎಂದು ಊರಿನವರು ಅದನ್ನು ಬೇಡವೆಂದರು ಎನ್ನಿ. ಆಗ ಹಸಿರು ಕೊಳಕ್ಕೇ ಮೂರು ಹೆಕ್ಟೇರ್ ಬೇಕು, ಕೊನೆಯ ಕೊಳಗಳು ಸೇರಿ ನಾಲ್ಕು. ಮರುಭೂಮಿಯ ಕಡುಬೇಸಿಗೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ 10 ಮಿಲಿಮೀಟರ್ ಆವಿಯಾಗುವುದು ಸಾಮಾನ್ಯ. ನಾಲ್ಕು ಹೆಕ್ಟೇರಿನ ಮೇಲೆ 10 ಮಿಲಿಮೀಟರ್ ಎಂದರೆ 400 ಘನ ಮೀಟರ್.

ಒಳಗೆ ಬಂದದ್ದು 800, ಆಕಾಶಕ್ಕೆ ಹೋದದ್ದು 400. ಹೊಲಕ್ಕೆ ನೀರು ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಅರ್ಧ ನೀರು ಮಾಯ.

ಇದನ್ನು ನೋಡಿದ ಮೇಲೆ ನಾರುವ ಕೊಳದ ಬಗ್ಗೆ ಗೌರವ ಹುಟ್ಟಬೇಕು. ಆಳ ಹೆಚ್ಚು, ಮೈ ಕಡಿಮೆ. ಅರ್ಧ ಹೊರೆಯನ್ನು ಒಂದು ಹೆಕ್ಟೇರಿನ ಸಣ್ಣದೊಂದು ಪಾಲಿನಲ್ಲಿ ಮುಗಿಸಿ, ಹಸಿರು ಕೊಳದ ವಿಸ್ತೀರ್ಣವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ. ವಾಸನೆಗೆ ಹೆದರಿ ಅದನ್ನು ಕೈಬಿಡುವ ಊರು ತನಗರಿವಿಲ್ಲದೆ ನೀರನ್ನು ಕೈಬಿಡುತ್ತದೆ. ಊರಿನಿಂದ ಒಂದು ಕಿಲೋಮೀಟರ್ ಆಚೆ, ಗಾಳಿ ಬೀಸುವ ದಿಕ್ಕು ನೋಡಿ ಕಟ್ಟಿದರೆ ಮುಗಿಯಿತು. ಜಾಗ ಧಾರಾಳ ಎಂಬ ಮಾತಿನ ನಿಜವಾದ ಪ್ರಯೋಜನ ಇದು: ಕೊಳಗಳನ್ನು ಅಗಲ ಮಾಡುವುದಕ್ಕಲ್ಲ, ದೂರ ಇಡುವುದಕ್ಕೆ.

ಇತ್ತೀಚೆಗೆ ಜೊಂಡಿನ ಹಾಸುಗಳ ಬಗ್ಗೆ ಒಲವು ಹೆಚ್ಚು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ, ಹಕ್ಕಿ ಬರುತ್ತವೆ, ಪ್ರಕೃತಿಸಹಜ ಎಂಬ ಬಿರುದೂ ಇದೆ. ತೇವದ ನಾಡುಗಳಲ್ಲಿ ಇವು ಒಳ್ಳೆಯವೇ. ಆದರೆ ಬಿಸಿಗಾಳಿಯಲ್ಲಿ ಸೊಂಪಾಗಿ ಬೆಳೆದ ಜೊಂಡು ತನ್ನ ಎಲೆಗಳ ಮೂಲಕ ತೆರೆದ ನೀರಿಗಿಂತಲೂ ಹೆಚ್ಚು ಉಗುಳಬಲ್ಲದು. ಹಕ್ಕಿಗಳಿಗಾಗಿಯೇ ನೀರು ಎಂದು ಊರು ತೀರ್ಮಾನಿಸಿದ್ದರೆ ಅದು ಬೇರೆ ಮಾತು, ಮತ್ತು ಅದು ಅಗೌರವದ ತೀರ್ಮಾನವೂ ಅಲ್ಲ. ಅರಿಜೋನಾದ ಟೂಸಾನ್ ನಗರ 1996ರಲ್ಲಿ ಕಟ್ಟಿದ ಸ್ವೀಟ್‌ವಾಟರ್ ಜೌಗು, ನೆವಾಡದ ಹೆಂಡರ್ಸನ್ ಪಟ್ಟಣದ ಕೊಳಚೆ ಕೊಳಗಳ ಪಕ್ಷಿಧಾಮ ಇಂದು ಪಕ್ಷಿವೀಕ್ಷಕರಿಗೆ ತೀರ್ಥಕ್ಷೇತ್ರಗಳಂತಾಗಿವೆ. ತೀರ್ಮಾನಿಸದೆ, ಲೆಕ್ಕ ಹಾಕದೆ ಜೊಂಡು ನೆಡುವುದು ಮಾತ್ರ ತಪ್ಪು.

ಕೊಳ ಬೇಡವೆಂದರೆ ಉಳಿದದ್ದು ಯಂತ್ರ. ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುವ ತೊಟ್ಟಿಗಳು ಕೆಲವು ಗುಂಟೆ ಜಾಗದಲ್ಲಿ ಮುಗಿಯುತ್ತವೆ. ಆವಿಯ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಬದಲಿಗೆ ವಿದ್ಯುತ್ ಹೋಗುತ್ತದೆ. ಸಾಧಾರಣ ಕೊಳಚೆಗೆ ಘನ ಮೀಟರಿಗೆ ಅರ್ಧ ಯೂನಿಟ್ ಆಸುಪಾಸು ಎನ್ನುತ್ತಾರೆ; ನಮ್ಮ ಊರಿನ ಗಟ್ಟಿ ಕೊಳಚೆಗೆ, ಸಣ್ಣ ಘಟಕದ ಪೋಲಿಗೆ, ಅದರ ಎರಡು ಪಟ್ಟು ಹಿಡಿದರೂ ಹೆಚ್ಚಾಗಲಾರದು. ಬಿಸಿ ಇಲ್ಲಿ ಇನ್ನೊಂದು ಕಡೆಯಿಂದ ಕಾಟ ಕೊಡುತ್ತದೆ: 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 35 ಡಿಗ್ರಿಯ ನೀರು 7 ಮಾತ್ರ. ಹಸಿದ ಬ್ಯಾಕ್ಟೀರಿಯಾಗಳು ಹೆಚ್ಚು ಕೇಳುವ ಹೊತ್ತಿನಲ್ಲೇ ನೀರು ಕಡಿಮೆ ಕೊಡುತ್ತದೆ.

ಜೋರ್ಡಾನಿನ ಅಸ್-ಸಮ್ರಾ ಈ ಎರಡೂ ದಾರಿಗಳನ್ನು ನಡೆದು ನೋಡಿದೆ. ಅಮ್ಮಾನ್ ಮತ್ತು ಝರ್ಕಾದ ಕೊಳಚೆಗೆಂದು 1985ರಲ್ಲಿ ಅಲ್ಲಿ ವಿಶಾಲವಾದ ಕೊಳಗಳನ್ನು ಕಟ್ಟಿದರು. ಜನ ಹೆಚ್ಚಿದಂತೆ ಅವು ಹೊರೆ ತಾಳದಾದವು. 2008ರ ಹೊತ್ತಿಗೆ ಅವುಗಳ ಜಾಗಕ್ಕೆ ಯಂತ್ರಗಳ ಘಟಕ ಬಂತು. ಅದು ಬೆಟ್ಟದಿಂದ ಇಳಿಯುವ ನೀರಿಗೆ ಟರ್ಬೈನ್ ಕೂರಿಸಿ, ಕೆಸರಿನಿಂದ ಅನಿಲ ತೆಗೆದು ತನ್ನ ವಿದ್ಯುತ್ತಿನ ಬಹುಪಾಲನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಶುದ್ಧವಾದ ನೀರು ಝರ್ಕಾ ನದಿಯ ಗುಂಟ ಕಿಂಗ್ ತಲಾಲ್ ಜಲಾಶಯ ಸೇರಿ ಜೋರ್ಡಾನ್ ಕಣಿವೆಯ ತೋಟಗಳಿಗೆ ಹೋಗುತ್ತದೆ. ಇದನ್ನು ಮಾದರಿಯೆಂದು ತೋರಿಸಿ ಹತ್ತು ಸಾವಿರ ಜನರ ಊರಿಗೆ ಅದರ ಪುಟ್ಟ ನಕಲನ್ನು ಮಾರುವವರಿದ್ದಾರೆ. ಟರ್ಬೈನಿಗೆ ಬೆಟ್ಟ ಬೇಕು, ಅನಿಲಕ್ಕೆ ಲಕ್ಷಾಂತರ ಜನರ ಕೆಸರು ಬೇಕು. ಅವೆರಡನ್ನೂ ಬಿಟ್ಟು ಉಳಿದದ್ದನ್ನು ಕೊಂಡರೆ ಊರಿಗೆ ಸಿಗುವುದು ಬಿಲ್ಲು ಮಾತ್ರ.

ಹಸಿರು ನೀರಿನ ಮಾನ

ಕೊಳದಿಂದ ಬರುವ ನೀರು ಹಸಿರು. ಪಾಚಿಯೇ ತೇಲುವ ಕಣ, ಪಾಚಿಯೇ ಬಿಓಡಿ. ಪ್ರಯೋಗಾಲಯಕ್ಕೆ ಕಳಿಸಿದರೆ 20 ಮತ್ತು 30ರ ಪರೀಕ್ಷೆಯಲ್ಲಿ ಇದು ನಪಾಸು. ಯುರೋಪಿನ ಒಕ್ಕೂಟ 1991ರ ತನ್ನ ಕೊಳಚೆ ನಿರ್ದೇಶನದಲ್ಲಿ ಕೊಳಗಳ ಮಟ್ಟಿಗೆ ಒಂದು ವಿವೇಕದ ವಿನಾಯಿತಿ ಕೊಟ್ಟಿತು: ಮಾದರಿಯನ್ನು ಸೋಸಿ, ಪಾಚಿ ತೆಗೆದು ಅಳೆಯಿರಿ; ಸೋಸದ ನೀರಿನಲ್ಲಿ ಕಣಗಳು ಲೀಟರಿಗೆ 150 ಮಿಲಿಗ್ರಾಂ ತನಕ ಇರಲಿ. ಈ ಒಂದು ಸಾಲನ್ನು ಸೇರಿಸದ ನಿಯಮಾವಳಿಗಳು ಚೆನ್ನಾಗಿ ನಡೆಯುತ್ತಿರುವ ಕೊಳಗಳನ್ನೂ ಅಪರಾಧಿ ಸ್ಥಾನದಲ್ಲಿ ನಿಲ್ಲಿಸುತ್ತವೆ. ಪಾಚಿ ಹನಿ ನೀರಾವರಿಯ ರಂಧ್ರಗಳನ್ನು ಕಟ್ಟುತ್ತದೆ ಎಂಬುದು ನಿಜ. ಅದಕ್ಕೆ ಮರಳು ಸೋಸುಗ ಬೇಕು.

ರೈತನ ಆರೋಗ್ಯದ ಕಡೆಯಿಂದ ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ನೀರಾವರಿಗೆ ಬಿಡುವ ಕೊಳಚೆಗೆ ಎರಡು ಮುಖ್ಯ ಮಿತಿಗಳನ್ನು ಕೊಟ್ಟಿತು: ಹಸಿಯಾಗಿ ತಿನ್ನುವ ಬೆಳೆಗಳಿಗಾದರೆ 100 ಮಿಲಿಲೀಟರಿಗೆ 1000 ಮಲಮೂಲದ ಬ್ಯಾಕ್ಟೀರಿಯಾ, ಮತ್ತು ಲೀಟರಿಗೆ ಒಂದಕ್ಕಿಂತ ಹೆಚ್ಚಿಲ್ಲದಂತೆ ಜಂತುಹುಳದ ಮೊಟ್ಟೆ. ಆ ಮೊಟ್ಟೆಗಳ ಚಿಪ್ಪು ಎಷ್ಟು ಗಟ್ಟಿಯೆಂದರೆ ನೀರಿಗೆ ಬೆರೆಸುವ ಕ್ಲೋರಿನ್ ಅದರ ಮುಂದೆ ನಿಷ್ಪ್ರಯೋಜಕ. ಅವು ಸೋಲುವುದು ಕಾಲಕ್ಕೆ. ವಾರಗಟ್ಟಲೆ ನಿಂತ ನೀರಿನಲ್ಲಿ ತಳಕ್ಕೆ ಇಳಿದು ಹೂಳು ಸೇರುತ್ತವೆ. ಕೊಳಗಳಲ್ಲಿ ನೀರು ನಿಲ್ಲುವುದೇ ವಾರಗಟ್ಟಲೆ. ಯಂತ್ರದ ತೊಟ್ಟಿಗಳಲ್ಲಿ ಗಂಟೆಗಟ್ಟಲೆ. ಹಾಗಾಗಿ ಗಾಜಿನಂತೆ ಹೊಳೆಯುವ, ಬಿಓಡಿ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದ ಯಂತ್ರದ ನೀರಿಗಿಂತ ಹಸಿರು ಕೊಳದ ನೀರು ಬರಿಗಾಲಿನಲ್ಲಿ ಗದ್ದೆಗಿಳಿಯುವವನಿಗೆ ಹೆಚ್ಚು ಸುರಕ್ಷಿತವಾಗಿರಬಹುದು. 2006ರ ಪರಿಷ್ಕರಣೆಯಲ್ಲಿ ಸಂಸ್ಥೆ ಇನ್ನೂ ಮುಂದೆ ಹೋಗಿ, ಎಲ್ಲ ಭಾರವನ್ನೂ ಘಟಕದ ಮೇಲೆ ಹಾಕುವ ಬದಲು ಹನಿ ನೀರಾವರಿ, ಕೊಯ್ಲಿಗೆ ಮುನ್ನ ಕೆಲವು ದಿನ ನೀರು ನಿಲ್ಲಿಸುವುದು, ಬೇಯಿಸಿ ತಿನ್ನುವ ಬೆಳೆಯ ಆಯ್ಕೆ, ತೊಳೆಯುವುದು ಎಂದು ರಕ್ಷಣೆಯನ್ನು ಹಂತಹಂತವಾಗಿ ಹಂಚಿತು.

ಸಾರಜನಕದ ವಿಷಯವೂ ಹೀಗೆಯೇ. ತಲೆಗೆ ದಿನಕ್ಕೆ 10 ಗ್ರಾಮಿನಂತೆ ನಮ್ಮ ಊರಿನ ಕೊಳಚೆಯಲ್ಲಿ 100 ಕಿಲೋ ಸಾರಜನಕ ಬರುತ್ತದೆ. ನೀರು ಹೊಲಕ್ಕೆ ಹೋಗುವುದಾದರೆ ಅದು ಗೊಬ್ಬರ. ಅದನ್ನು ವಿದ್ಯುತ್ ಸುಟ್ಟು ಗಾಳಿಗೆ ಬಿಡುವುದು, ಆಮೇಲೆ ರೈತ ಯೂರಿಯಾ ಕೊಳ್ಳುವುದು, ಎರಡು ಕಡೆ ದಂಡ. ನೀರನ್ನು ನೆಲಕ್ಕೆ ಇಂಗಿಸುವುದಾದರೆ ಅದೇ ಸಾರಜನಕ ನೈಟ್ರೇಟ್ ಆಗಿ ಊರಿನ ಬಾವಿಗೇ ಮರಳುತ್ತದೆ, ಆಗ ತೆಗೆಯಲೇಬೇಕು. ಒಂದೇ ಊರು, ಒಂದೇ ಕೊಳಚೆ, ಎರಡು ವಿರುದ್ಧ ಉತ್ತರ. ಕೊನೆಗೆ ಎಲ್ಲಿಗೆ ಎಂಬ ಪ್ರಶ್ನೆ ಮೊದಲು ಬರಬೇಕು ಎಂದದ್ದು ಇದಕ್ಕೇ.

ಹೊಳೆಗೆ ಹಾಕಿದರೂ ಅಳೆದು ಹಾಕು

ಕೊಳವೂ ತೆಗೆಯದ, ಯಂತ್ರವೂ ತೆಗೆಯದ ಒಂದು ವಸ್ತು ಇದೆ: ಉಪ್ಪು. ಮರುಭೂಮಿಯ ಬಾವಿಯ ನೀರಿನಲ್ಲಿ ಲೀಟರಿಗೆ 800 ಮಿಲಿಗ್ರಾಂ ಕರಗಿದ ಲವಣ ಇದೆ ಎನ್ನಿ. ಮನೆಯೊಳಗೆ ಒಮ್ಮೆ ಬಳಸಿ ಬಿಡುವಷ್ಟರಲ್ಲಿ ಅದಕ್ಕೆ ಇನ್ನೊಂದು 300 ಸೇರುತ್ತದೆ. ಮೂತ್ರ, ಸೋಪು, ಪಾತ್ರೆ ತೊಳೆದದ್ದು. ಕೊಳಕ್ಕೆ ಬರುವಾಗ 1100. ಬೇಸಿಗೆಯಲ್ಲಿ ಅರ್ಧ ನೀರು ಆವಿಯಾದರೆ ಹೊರಡುವಾಗ 2200. ನೀರಾವರಿ ನೀರಿನಲ್ಲಿ 2000 ಮಿಲಿಗ್ರಾಂ ದಾಟಿದರೆ ತೀವ್ರ ನಿರ್ಬಂಧ ಬೇಕು ಎಂಬುದು ಆಹಾರ ಮತ್ತು ಕೃಷಿ ಸಂಸ್ಥೆಯ 1985ರ ಮಾರ್ಗಸೂಚಿ. ಅಂದರೆ ಕೊಳದ ಆವಿ ನೀರನ್ನು ಕದಿಯುವುದಷ್ಟೇ ಅಲ್ಲ, ಉಳಿಸಿಹೋದ ನೀರನ್ನೂ ಕೆಡಿಸಿ ಹೋಗುತ್ತದೆ. ಅಂಥ ನೀರನ್ನು ಖರ್ಜೂರ ತಾಳೀತು, ಬಾರ್ಲಿ ತಾಳೀತು, ಬೀನ್ಸ್ ಸಾಯುತ್ತದೆ.

ವರ್ಷದ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುತ್ತದೆ. 800 ಘನ ಮೀಟರ್, ಘನ ಮೀಟರಿಗೆ 1.1 ಕಿಲೋ, ದಿನಕ್ಕೆ 880 ಕಿಲೋ, ವರ್ಷಕ್ಕೆ 320 ಟನ್ ಉಪ್ಪು. ಹೊಲಕ್ಕೆ ಹಾಯಿಸಿದರೆ ಈ ಉಪ್ಪನ್ನು ಬೇರಿನಿಂದ ಕೆಳಗೆ ತಳ್ಳಲು ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ನೀರು ಕೊಡಬೇಕು. ಕೆಳಗೆ ತಳ್ಳಿದ್ದು ಅಂತರ್ಜಲಕ್ಕೆ ಹೋಗುತ್ತದೆ. ಅಂತರ್ಜಲವೇ ಊರಿನ ಬಾವಿಯಾದರೆ ಮುಂದಿನ ಸುತ್ತು 800ರಿಂದಲ್ಲ, 900ರಿಂದ ಶುರು. ಪೊರೆಗಳಿಂದ ಸೋಸಿ ಉಪ್ಪು ಬೇರ್ಪಡಿಸಬಹುದಲ್ಲ ಎಂದರೆ, ಬೇರ್ಪಟ್ಟ ಉಪ್ಪುನೀರು ಒಟ್ಟು ನೀರಿನ ಐದನೆಯ ಒಂದು ಭಾಗದಷ್ಟಾದರೂ ಉಳಿಯುತ್ತದೆ. ಸಮುದ್ರದ ದಡದ ಊರು ಅದನ್ನು ಸಮುದ್ರಕ್ಕೆ ಬಿಡುತ್ತದೆ. ಒಳನಾಡಿನ ಊರು ಅದಕ್ಕೆಂದೇ ಮತ್ತೊಂದು ಕೊಳ ಕಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಸಿ, ಆ ಹಾಸು ಹರಿಯದಂತೆ ಕಾಯುತ್ತ ಕೂರಬೇಕು.

ಉಪ್ಪಿಗೆ ಅಗ್ಗದ ಮದ್ದು ಇರುವುದು ಅದು ಹುಟ್ಟುವ ಜಾಗದಲ್ಲಿ ಮಾತ್ರ. ಗಡಸು ನೀರಿನ ಊರುಗಳಲ್ಲಿ ಮನೆಮನೆಗೆ ಇರುವ ನೀರು ಮೆದುಗೊಳಿಸುವ ಯಂತ್ರಗಳು ತಮ್ಮನ್ನು ತೊಳೆದುಕೊಳ್ಳುವಾಗ ಬಕೆಟ್‌ಗಟ್ಟಲೆ ಉಪ್ಪುನೀರನ್ನು ಚರಂಡಿಗೆ ಬಿಡುತ್ತವೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದ ಮತದಾರರು 2008ರಲ್ಲಿ ಮತ ಹಾಕಿ ಇಂಥ ಯಂತ್ರಗಳನ್ನು ಮನೆಗಳಿಂದಲೇ ಹೊರಹಾಕಿದರು. ಕೊಳಚೆಯ ಬಹುಪಾಲನ್ನು ಹೊಲಕ್ಕೆ ಹಾಯಿಸುವ ಇಸ್ರೇಲ್ ಬಟ್ಟೆ ತೊಳೆಯುವ ಪುಡಿಯಲ್ಲಿನ ಬೋರಾನಿಗೇ ಮಿತಿ ಹಾಕಿತು, ಏಕೆಂದರೆ ಬೋರಾನ್ ಕಿತ್ತಳೆ ತೋಟಕ್ಕೆ ವಿಷ. ನಮೀಬಿಯಾದ ವಿಂಡ್‌ಹುಕ್ 1968ರಿಂದ ಕೊಳಚೆಯನ್ನು ಶುದ್ಧೀಕರಿಸಿ ಮತ್ತೆ ಕುಡಿಯುವ ನೀರಿಗೇ ಸೇರಿಸುತ್ತಿದೆ. ಆ ಸಾಹಸದ ಬುನಾದಿಯೂ ಇಂಥದ್ದೇ ಒಂದು ಸರಳ ತೀರ್ಮಾನ: ಕಾರ್ಖಾನೆಗಳ ನೀರನ್ನು ಮನೆಗಳ ನೀರಿನ ಜೊತೆ ಬೆರೆಯಲು ಬಿಡದೆ ಬೇರೆ ಘಟಕಕ್ಕೆ ಕಳಿಸುವುದು.

ಚಳಿಗಾಲದ ನೀರಿನ ಸಮಸ್ಯೆಯೂ ಇದಕ್ಕೇ ಹೆಣೆದುಕೊಂಡಿದೆ. ಕೊಳಚೆ ಎಲ್ಲ ತಿಂಗಳೂ ಒಂದೇ ಸಮ ಬರುತ್ತದೆ, ಬೆಳೆ ಕೇಳುವುದು ಬೇಸಿಗೆಯಲ್ಲಿ. ಕೂಡಿಡಲು ಜಲಾಶಯ ಕಟ್ಟಿದರೆ ಮತ್ತೆ ಆವಿ, ಮತ್ತೆ ಉಪ್ಪು. ಆಸ್ಟ್ರೇಲಿಯಾದ ನಡುಮಧ್ಯದ ಆಲಿಸ್ ಸ್ಪ್ರಿಂಗ್ಸ್ ಊರಿನ ಕೊಳಗಳು ಚಳಿಗಾಲದಲ್ಲಿ ತುಂಬಿ ಪಕ್ಕದ ಇಲ್‌ಪರ್ಪಾ ಜೌಗಿಗೆ ಚೆಲ್ಲುತ್ತಿದ್ದವು, ಜೌಗಿನಲ್ಲಿ ಸೊಳ್ಳೆ ಹೆಚ್ಚುತ್ತಿದ್ದವು. 2008ರಿಂದ ಅಲ್ಲಿ ನೀರನ್ನು ಇನ್ನಷ್ಟು ಶುದ್ಧಗೊಳಿಸಿ ಮರಳಿನ ಮಡಿಗಳ ಮೂಲಕ ನೆಲದೊಳಕ್ಕೆ ಇಂಗಿಸುತ್ತಾರೆ. ಬಿಸಿಲು ತಲುಪದ ಜಾಗದಲ್ಲಿ ಕೂಡಿಟ್ಟ ನೀರು ಆವಿಯಾಗುವುದಿಲ್ಲ, ಇಳಿಯುವ ದಾರಿಯಲ್ಲಿ ಮರಳು ಅದನ್ನು ಮತ್ತೊಮ್ಮೆ ಸೋಸುತ್ತದೆ. ನೆಲದಡಿ ಕುಡಿಯುವ ನೀರಿನ ಪದರ ಇಲ್ಲದ ಜಾಗ ಸಿಕ್ಕರೆ ಮಾತ್ರ ಇದು ಸಲೀಸು.

ಕೊಳದ ಬಣ್ಣ ಓದುವವನು

ದೊಡ್ಡ ಘಟಕದಲ್ಲಿ ರಸಾಯನಶಾಸ್ತ್ರಜ್ಞ ಇರುತ್ತಾನೆ, ಎಲೆಕ್ಟ್ರಿಷಿಯನ್ ಇರುತ್ತಾನೆ, ರಾತ್ರಿಪಾಳಿ ಇರುತ್ತದೆ. ಸಣ್ಣ ಊರಿನಲ್ಲಿ ಒಬ್ಬ ಇರುತ್ತಾನೆ. ಅವನೇ ಬೆಳಿಗ್ಗೆ ಕುಡಿಯುವ ನೀರಿನ ವಾಲ್ವ್ ತಿರುಗಿಸುವವನು, ಮಧ್ಯಾಹ್ನ ಒಡೆದ ಕೊಳವೆಗೆ ಬೆಸುಗೆ ಹಾಕುವವನು, ಸಂಜೆ ಕೊಳಚೆ ಘಟಕ ನೋಡುವವನು. ಗಾಳಿ ಊದುವ ಯಂತ್ರದ ಬೇರಿಂಗ್ ಹೋದರೆ ಬಿಡಿಭಾಗ ಬರಲು ವಾರಗಳು ಬೇಕು. ತೊಟ್ಟಿಯ ಬ್ಯಾಕ್ಟೀರಿಯಾಗಳು ಅಷ್ಟು ದಿನ ಉಸಿರು ಹಿಡಿದು ಕಾಯುವುದಿಲ್ಲ. ಕಟ್ಟುವ ಹಣ ಅನುದಾನದಿಂದ ಬರುತ್ತದೆ, ನಡೆಸುವ ಹಣ ಊರಿನ ಜೇಬಿನಿಂದ ಹೋಗಬೇಕು. ಉದ್ಘಾಟನೆಯ ಕಲ್ಲು ಹೊಳೆಯುತ್ತಿರುವಾಗಲೇ ನಿಂತುಹೋದ ಘಟಕಗಳು ಎಲ್ಲ ದೇಶಗಳಲ್ಲೂ ಇವೆ. ಕೊಳಗಳೂ ಆರೈಕೆ ಕೇಳುತ್ತವೆ, ಆದರೆ ನಿಧಾನವಾಗಿ ಕೇಳುತ್ತವೆ: ತಲೆಗೆ ವರ್ಷಕ್ಕೆ 40 ಲೀಟರಿನಂತೆ ನಮ್ಮ ಊರಿನಲ್ಲಿ 400 ಘನ ಮೀಟರ್ ಹೂಳು ಸೇರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಆಳದ ಕೊಳವನ್ನು ಬರಿದು ಮಾಡಿ ಬಿಸಿಲಿಗೆ ಹರಡಿದರೆ ಒಣಗುತ್ತದೆ. ಒಣಗಿಸುವ ವಿಷಯದಲ್ಲಿ ಮರುಭೂಮಿಯನ್ನು ಮೀರಿಸುವವರಿಲ್ಲ.

ನೀರಿನ ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾದರಿಯನ್ನು ತಣ್ಣಗಿಟ್ಟು ಆರೆಂಟು ಗಂಟೆಯೊಳಗೆ ಪ್ರಯೋಗಾಲಯ ತಲುಪಿಸಬೇಕು. ಪ್ರಯೋಗಾಲಯ ಮುನ್ನೂರು ಕಿಲೋಮೀಟರ್ ದೂರದ ನಗರದಲ್ಲಿದ್ದರೆ ಪೆಟ್ಟಿಗೆಯೊಳಗಿನ ಮಂಜುಗಡ್ಡೆ ದಾರಿಯಲ್ಲೇ ಕರಗುತ್ತದೆ. ವರದಿ ಬರುವ ಹೊತ್ತಿಗೆ ಆ ನೀರು ಹೊಲ ಸೇರಿ ಎರಡು ವಾರ. ಹಾಗಾಗಿ ಅನುಭವಿ ನಿರ್ವಾಹಕ ಕೊಳದ ದಂಡೆಯ ಮೇಲೆ ನಡೆದು ಬಣ್ಣ ನೋಡುತ್ತಾನೆ. ಗಾಢ ಹಸಿರಿದ್ದರೆ ಪಾಚಿ ಆರೋಗ್ಯವಾಗಿದೆ. ಬೂದಿ ಬಣ್ಣಕ್ಕೆ ತಿರುಗಿದರೆ ಆಮ್ಲಜನಕ ಸೋಲುತ್ತಿದೆ. ಒಂದು ಬೆಳಿಗ್ಗೆ ಕೊಳ ನಸುಗೆಂಪಾಗಿ, ನೇರಳೆಯಾಗಿ ಕಂಡರೆ ಗಂಧಕ ತಿನ್ನುವ ಬ್ಯಾಕ್ಟೀರಿಯಾಗಳು ಮೇಲಕ್ಕೆ ಬಂದಿವೆ, ಹೊರೆ ಮಿತಿ ಮೀರಿದೆ ಎಂದು ಅರ್ಥ. ಆಗ ಅವನು ಮೊದಲ ಕೊಳದ ಬಾಗಿಲನ್ನು ಅರ್ಧ ಇಳಿಸಿ, ಒಂದು ಪಾಲು ನೀರನ್ನು ಪಕ್ಕದ ಸಾಲಿಗೆ ತಿರುಗಿಸಿ, ಊರಿನ ಯಾವ ಬೀದಿಯಿಂದ ಏನು ಹೆಚ್ಚಿಗೆ ಬರುತ್ತಿದೆ ಎಂದು ಮ್ಯಾನ್‌ಹೋಲುಗಳ ಮುಚ್ಚಳ ಎತ್ತಿ ನೋಡುತ್ತ ಹೋಗುತ್ತಾನೆ.